ಜರ್ಮನಿಗೆ ಹೊರಡುವವರ ಮನೆಯವರಿಗೂ ಭಾಷೆ ಕಲಿಸಿ

ಸಂಪಾದಕರಿಗೆ,

ಮಾನ್ಯರೇ,

ಜರ್ಮನಿಯಲ್ಲಿ ಭಾರತೀಯರಿಗಿರುವ ಉದ್ಯೋಗಾವಕಾಶಗಳ ಕುರಿತು ಕನ್ನಡ ಪತ್ರಿಕೆಗಳಲ್ಲಿ, ತಮ್ಮ ಪತ್ರಿಕೆಯಲ್ಲಿಯೂ, ಆಗಾಗ ಲೇಖನಗಳು ಬರುತ್ತಿವೆ. ನುರಿತ ಭಾರತೀಯ ಕೆಲಸಗಾರರಿಗೆ ಕೊಡುವ ವೀಸಾಗಳ ಸಂಖ್ಯೆಯನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಜರ್ಮನ್ ಸರ್ಕಾರ 2024ರಲ್ಲಿ ಪ್ರಕಟಿಸಿದ ಮೇಲಂತೂ ಅವು ಇನ್ನಷ್ಟು ಹೆಚ್ಚಿವೆ. ಸಂಬಳವೆಷ್ಟು, ತೆರಿಗೆಯೆಷ್ಟು, ಅರ್ಜಿ ಹೇಗೆ ತುಂಬಬೇಕು, ಸಂದರ್ಶನದಲ್ಲಿ ಏನು ಕೇಳುತ್ತಾರೆ ಎಂಬುದೆಲ್ಲ ಅವುಗಳಲ್ಲಿ ವಿವರವಾಗಿ ಇರುತ್ತದೆ. ಆದರೆ ಆ ಉದ್ಯೋಗಿಯ ಜೊತೆಗೋ ಕೆಲವು ತಿಂಗಳ ನಂತರವೋ ಬರುವ ಹೆಂಡತಿ ಅಥವಾ ಗಂಡ ಮತ್ತು ಮಕ್ಕಳು ಇಲ್ಲಿ ದಿನ ಹೇಗೆ ಕಳೆಯುತ್ತಾರೆ ಎಂಬ ವಿಚಾರ ಬಂದಾಗ ಲೇಖನ ಒಂದೆರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ಕೆಲವು ವರ್ಷಗಳಿಂದ ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗೆನ್ ಎಂಬ ಊರಿನಲ್ಲಿ ಸಂಸಾರ ಮಾಡಿಕೊಂಡಿರುವ ನಾನು ಆ ಒಂದೆರಡು ಸಾಲನ್ನು ಸ್ವಲ್ಪ ಹಿಗ್ಗಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಇಲ್ಲಿಗೆ ಬರುವ ಎಂಜಿನಿಯರುಗಳಲ್ಲಿ ಹೆಚ್ಚಿನವರು ಬ್ಲೂ ಕಾರ್ಡ್ ಎಂಬ ಪರವಾನಗಿಯ ಮೇಲೆ ಬರುತ್ತಾರೆ. ಅವರ ಸಂಗಾತಿಗೆ ಬಂದ ದಿನದಿಂದಲೇ ಕೆಲಸ ಮಾಡುವ ಹಕ್ಕು ಇರುತ್ತದೆ. ಅಷ್ಟೇ ಅಲ್ಲ, ಸಂಗಾತಿಯಾಗಿ ಬರುವ ಇತರ ಅನೇಕರು ವೀಸಾಕ್ಕೆ ಮೊದಲೇ ಪಾಸು ಮಾಡಬೇಕಾದ ಜರ್ಮನ್ ಭಾಷೆಯ ಮೊದಲ ಹಂತದ, ಅಂದರೆ ಎ1 ಪರೀಕ್ಷೆಯಿಂದ ಇವರಿಗೆ ವಿನಾಯಿತಿಯೂ ಉಂಟು. ವೀಸಾ ಮಾಡಿಸಿಕೊಡುವವರು ಈ ವಿನಾಯಿತಿಯನ್ನು ದೊಡ್ಡ ಅನುಕೂಲವೆಂಬಂತೆ ಹೇಳುತ್ತಾರೆ. ನಮ್ಮವರೂ ಹಾಗೆಯೇ ನಂಬಿ ಖುಷಿಪಡುತ್ತಾರೆ. ಕುಟುಂಬದ ದಿನನಿತ್ಯದ ಬದುಕಿಗೆ ಇದರಷ್ಟು ತೊಂದರೆ ಕೊಡುವ ಅನುಕೂಲ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಉದ್ಯೋಗಿಯ ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತದೆ, ಬೆಂಗಳೂರಿನ ತಂಡದೊಂದಿಗೆ ದಿನವೂ ಮೀಟಿಂಗ್ ಇರುತ್ತದೆ, ಕ್ಯಾಂಟೀನಿನಲ್ಲಿ ಇನ್ನಿಬ್ಬರು ಕನ್ನಡಿಗರು ಸಿಗುತ್ತಾರೆ. ಆಫೀಸಿನ ಹೊರಗಿನ ಊರು, ಅಂದರೆ ಕಿಂಡರ್‌ಗಾರ್ಟನ್, ಶಾಲೆ, ಮಕ್ಕಳ ಡಾಕ್ಟರು, ನೆರೆಮನೆ, ಅಂಚೆಪೆಟ್ಟಿಗೆ, ಇವೆಲ್ಲ ಎದುರಾಗುವುದು ಮನೆಯಲ್ಲಿರುವವರಿಗೆ. ಭಾಷೆ ಬೇಕಾದವರಿಗೇ ಭಾಷೆಯಿಂದ ವಿನಾಯಿತಿ ಸಿಕ್ಕಿದೆ.

ಮೊದಲ ತಿಂಗಳಿನಿಂದಲೇ ಇದು ಶುರುವಾಗುತ್ತದೆ. ಇಲ್ಲಿ ಬಾಡಿಗೆ ಮನೆ ಎಂದರೆ ಅನೇಕ ವೇಳೆ ಅಡುಗೆಮನೆಯ ಜಾಗದಲ್ಲಿ ಬರೀ ಗೋಡೆ, ಒಂದು ನೀರಿನ ಕೊಳವೆ ಮತ್ತು ವಿದ್ಯುತ್ ತಂತಿ ಅಷ್ಟೇ. ಸಿಂಕು, ಒಲೆ, ಕಪಾಟು ಎಲ್ಲವನ್ನೂ ಬಾಡಿಗೆದಾರರೇ ತಂದು ಕೂರಿಸಿಕೊಳ್ಳಬೇಕು. ಮನೆಗೆ ಬಂದ ಎರಡು ವಾರದೊಳಗೆ, ಮಾಲೀಕರು ಸಹಿ ಹಾಕಿದ ಪತ್ರದೊಂದಿಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಾದ ಮೇಲೆಯೇ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುವುದು. ಅಂಚೆ ಬರಬೇಕಾದರೆ ಪೆಟ್ಟಿಗೆಯ ಮೇಲೆ ಮತ್ತು ಕರೆಗಂಟೆಯ ಪಕ್ಕದಲ್ಲಿ ಹೆಸರು ಇರಲೇಬೇಕು. ಮನೆ ನಂಬರು, ಮಹಡಿ ನಂಬರು ಬರೆದರೆ ಸಾಲದು.

ಹೆಸರಿನ ವಿಚಾರ ಬಂದದ್ದರಿಂದ ಒಂದು ಮಾತು. ನಮ್ಮ ಕಡೆ ಅನೇಕರಿಗೆ ಮನೆತನದ ಹೆಸರು ಎಂಬುದು ಇರುವುದಿಲ್ಲ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ತಂದೆಯ ಹೆಸರನ್ನೇ ಆ ಕಾಲಂನಲ್ಲಿ ತುಂಬುತ್ತೇವೆ. ಇಲ್ಲಿಯವರು ಅಪರಿಚಿತರನ್ನು ಕರೆಯುವುದು ಆ ಕಾಲಂನಲ್ಲಿರುವ ಹೆಸರಿನಿಂದಲೇ. ಹೀಗಾಗಿ ನನ್ನ ಯಜಮಾನರನ್ನು ಊರಿಗೆ ಊರೇ ಅವರ ತಂದೆಯ ಹೆಸರು ಹಿಡಿದು ಕರೆಯುತ್ತದೆ. ಮಾವನವರ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬ ಮನೆಯಲ್ಲಿ ಸೊಸೆಯಾಗಿ ಬಂದ ನಾನು, ಈಗ ಫೋನ್ ಎತ್ತಿದಾಗಲೆಲ್ಲ ಅದನ್ನೇ ನನ್ನ ಹೆಸರೆಂದು ಹೇಳಿ, ಮೇಲೆ ಅಕ್ಷರಅಕ್ಷರವಾಗಿ ಬಿಡಿಸಿಯೂ ಹೇಳುತ್ತೇನೆ. ಮಾವನವರಿಗೆ ಇದು ತಿಳಿದಾಗ ಮನಸಾರೆ ನಕ್ಕರು. ನಗುವಿನ ಮಾತಿರಲಿ, ಗಂಡನಿಗೊಂದು, ಹೆಂಡತಿಗೊಂದು, ಮಗುವಿಗೊಂದು ಮನೆತನದ ಹೆಸರು ದಾಖಲಾಗಿದ್ದರೆ ಪ್ರತಿಯೊಂದು ಕಚೇರಿಯಲ್ಲೂ ಸಂಬಂಧ ಯಾವುದೆಂದು ವಿವರಿಸಬೇಕಾಗುತ್ತದೆ. ಹೊರಡುವ ಮೊದಲೇ ಪಾಸ್‌ಪೋರ್ಟುಗಳನ್ನು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿಕೊಳ್ಳುವುದು ಒಳ್ಳೆಯದು.

ಅಂಚೆಪೆಟ್ಟಿಗೆಯಲ್ಲಿ ಬೀಳುವ ಕಾಗದಗಳು ಬೇರೆಯೇ ಒಂದು ಲೋಕ. ಆರೋಗ್ಯ ವಿಮೆಯವರದು, ತೆರಿಗೆ ಇಲಾಖೆಯವರದು, ಮನೆಯಲ್ಲಿ ಟಿ.ವಿ. ಇರಲಿ ಬಿಡಲಿ ಪ್ರತಿ ಮನೆಯೂ ತಿಂಗಳಿಗೆ 18.36 ಯೂರೊ ಕಟ್ಟಬೇಕಾದ ಸಾರ್ವಜನಿಕ ಪ್ರಸಾರ ಶುಲ್ಕದ್ದು, ಹೀಗೆ. ಆಡಳಿತದ ಭಾಷೆ ಜರ್ಮನ್ ಎಂದು ಕಾನೂನೇ ಹೇಳುವುದರಿಂದ ಸರ್ಕಾರಿ ಕಾಗದಗಳೆಲ್ಲ ಜರ್ಮನ್‌ನಲ್ಲೇ ಇರುತ್ತವೆ, ಮತ್ತು ಬಹುತೇಕ ಎಲ್ಲದರಲ್ಲೂ ಇಂಥ ದಿನದೊಳಗೆ ಉತ್ತರಿಸಿ ಎಂಬ ಗಡುವು ಇರುತ್ತದೆ. ಮೊಬೈಲಿನ ಅನುವಾದ ಆ್ಯಪ್ ಸಾರಾಂಶ ತಿಳಿಸುತ್ತದೆ, ನಿಜ. ಆದರೆ ಉತ್ತರ ಬರೆಯಬೇಕಾದಾಗ ಅಥವಾ ಫೋನ್ ಮಾಡಿ ವಿಚಾರಿಸಬೇಕಾದಾಗ ಆ್ಯಪ್ ಎಷ್ಟು ದೂರ ಬರುತ್ತದೆ ಎಂಬುದನ್ನು ಅನುಭವಿಸಿದವರೇ ಬಲ್ಲರು.

ಕಸ ವಿಂಗಡಣೆ, ಬಾಟಲಿಯ ಠೇವಣಿ, ಭಾನುವಾರ ಅಂಗಡಿ ಮುಚ್ಚಿರುವುದು ಮುಂತಾದವುಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಮತ್ತೆ ಬರೆಯುವುದಿಲ್ಲ. ಒಂದು ತಿಂಗಳಲ್ಲಿ ರೂಢಿಯಾಗುವ ಸಂಗತಿಗಳು ಅವು. ನಾವಿರುವ ಸ್ವಾಬಿಯಾ ಸೀಮೆಗೇ ವಿಶೇಷವಾದದ್ದು ಗುಡಿಸುವ ಪಾಳಿ. ಕಟ್ಟಡದ ಮನೆಗಳ ಬಾಗಿಲಿಗೆ ವಾರಕ್ಕೊಂದರಂತೆ ಸರದಿಯಲ್ಲಿ ಒಂದು ಸಣ್ಣ ಹಲಗೆ ಬಂದು ತೂಗುತ್ತದೆ. ಅದು ಬಂತೆಂದರೆ ಆ ವಾರ ಮೆಟ್ಟಿಲು, ನೆಲಮಾಳಿಗೆಯ ದಾರಿ ಮತ್ತು ಮನೆಯ ಮುಂದಿನ ಕಾಲುದಾರಿಯನ್ನು ಶುಚಿಮಾಡುವುದು ಆ ಮನೆಯವರ ಕೆಲಸ. ಡಾಕ್ಟರಾಗಲಿ ಡ್ರೈವರಾಗಲಿ, ಪಾಳಿ ತಪ್ಪುವುದಿಲ್ಲ. ಹಾಗೆಯೇ ಹಿಮ ಬೀಳುವ ಚಳಿಯಲ್ಲೂ ದಿನಕ್ಕೆ ಕೆಲವು ಬಾರಿ ಕಿಟಕಿಗಳನ್ನು ಪೂರ್ತಿ ತೆರೆದು ಐದು–ಹತ್ತು ನಿಮಿಷ ಗಾಳಿಯಾಡಿಸಬೇಕು. ನಮ್ಮ ಅಡುಗೆಯಲ್ಲಿ ಕುಕ್ಕರಿನ ಹಬೆ, ಇಡ್ಲಿಯ ಹಬೆ, ಬೇಯಿಸಿದ ಕಾಳಿನ ಹಬೆ ಎಲ್ಲವೂ ಗೋಡೆಗೇ ಹೋಗುತ್ತದೆ. ಗಾಳಿಯಾಡದಿದ್ದರೆ ಮೂಲೆಗಳಲ್ಲಿ ಕಪ್ಪಗೆ ಬೂಷ್ಟು ಕಟ್ಟುತ್ತದೆ, ಮನೆ ಬಿಡುವಾಗ ಅದು ಯಾರ ತಪ್ಪು ಎಂಬ ಜಗಳವಾಗುತ್ತದೆ. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದಾಗ ಬಡಿದುಕೊಳ್ಳುವ ಹೊಗೆ ಎಚ್ಚರಿಕೆಯ ಗಂಟೆಯ ಬಗ್ಗೆ ಹೇಳದಿರುವುದೇ ಮೇಲು. ಇವೆಲ್ಲವೂ ಸರಿ ಎನಿಸುವುದು, ಯಾಕೆ ಹೀಗೆ ಎಂದು ಪಕ್ಕದ ಮನೆಯವರನ್ನು ಕೇಳಿ ತಿಳಿಯುವಷ್ಟು ಮಾತು ಬಂದಾಗ. ಮಾತು ಬಾರದವರಿಗೆ ಅದೇ ನಿಯಮಗಳು ಯಾರೋ ತಮ್ಮ ಮೇಲೆ ಕಣ್ಣಿಟ್ಟಿದ್ದಾರೆ ಎಂಬಂತೆ ಕಾಣುತ್ತವೆ. ನೆರೆಯವರು ಮೆಟ್ಟಿಲ ಮೇಲೆ ನಿಲ್ಲಿಸಿ ಏನೋ ಹೇಳಿದರೆ ಅದು ದೂರೋ ಕುಶಲಪ್ರಶ್ನೆಯೋ ಎಂದು ತಿಳಿಯದೆ ತಲೆಯಾಡಿಸಿ ಒಳಗೆ ಹೋಗುವವರನ್ನು ನಾನು ಬಹಳ ನೋಡಿದ್ದೇನೆ.

ಇನ್ನು ಕಿಂಡರ್‌ಗಾರ್ಟನ್. ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ದಿನದ ಪಾಲನೆಯ ಜಾಗ ಪಡೆಯುವ ಹಕ್ಕು 2013ರ ಆಗಸ್ಟ್‌ನಿಂದ ಕಾನೂನಿನಲ್ಲಿದೆ. ಹಕ್ಕು ಇದೆಯೆಂದ ಮಾತ್ರಕ್ಕೆ ಜಾಗ ಇದೆಯೆಂದಲ್ಲ. ಶಿಕ್ಷಕಿಯರ ಕೊರತೆಯಿಂದ ಅನೇಕ ಊರುಗಳಲ್ಲಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಜಾಗ ಸಿಕ್ಕಿದ ಮೇಲೆ ನಮ್ಮಲ್ಲಿಯಂತೆ ಮೊದಲ ದಿನವೇ ಅಳುವ ಮಗುವನ್ನು ಒಳಗೆ ಬಿಟ್ಟು ಗೇಟು ಹಾಕಿಕೊಳ್ಳುವ ಪದ್ಧತಿ ಇಲ್ಲಿಲ್ಲ. ಮೊದಲ ಕೆಲವು ದಿನ ತಾಯಿ ಅಥವಾ ತಂದೆ ಆ ಕೋಣೆಯಲ್ಲೇ, ಮಕ್ಕಳ ಅಳತೆಯ ಪುಟ್ಟ ಕುರ್ಚಿಯ ಮೇಲೆ, ಸುಮ್ಮನೆ ಕುಳಿತಿರಬೇಕು. ತಾವಾಗಿ ಆಟವಾಡಿಸಬಾರದು, ಮಗು ಬಂದರೆ ಮಾತ್ರ ಹತ್ತಿರ ತೆಗೆದುಕೊಳ್ಳಬೇಕು. ಆಮೇಲೆ ಒಂದು ದಿನ ಶಿಕ್ಷಕಿ ಹೇಳಿದಾಗ, ಮಗುವಿಗೆ ಹೋಗಿಬರುತ್ತೇನೆಂದು ಸ್ಪಷ್ಟವಾಗಿ ಹೇಳಿ, ಕೆಲವು ನಿಮಿಷ ಪಕ್ಕದ ಕೋಣೆಗೆ ಹೋಗಬೇಕು, ಕಣ್ಣುತಪ್ಪಿಸಿ ಹೋಗುವಂತಿಲ್ಲ. ಮಗು ಅತ್ತು, ಶಿಕ್ಷಕಿ ಎತ್ತಿಕೊಂಡಾಗ ಸಮಾಧಾನಗೊಂಡರೆ ಮಾರನೆಯ ದಿನ ಹೊರಗಿರುವ ಹೊತ್ತನ್ನು ಹೆಚ್ಚಿಸುತ್ತಾರೆ. ಹೀಗೆ ಎರಡು–ಮೂರು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ನಡೆಯುತ್ತದೆ.

ಇದು ನಾನು ಕಂಡ ಒಳ್ಳೆಯ ಪದ್ಧತಿಗಳಲ್ಲಿ ಒಂದು. ಆದರೆ ಇದು ನಡೆಯುವುದೆಲ್ಲ ಮಾತಿನ ಮೇಲೆ. ಮಗು ರಾತ್ರಿ ನಿದ್ದೆ ಮಾಡಿತೇ, ಏನು ತಿಂದರೆ ಆಗುವುದಿಲ್ಲ, ಅತ್ತಾಗ ಏನು ಹೇಳಿ ಸಮಾಧಾನ ಮಾಡುತ್ತೀರಿ ಎಂದು ಶಿಕ್ಷಕಿ ಪ್ರತಿದಿನ ಕೇಳುತ್ತಾಳೆ. ಉತ್ತರಿಸಲಾಗದ ತಾಯಿ ಆ ಪುಟ್ಟ ಕುರ್ಚಿಯ ಮೇಲೆ ಮಗುವಿಗಿಂತ ಒಂಟಿಯಾಗಿ ಕುಳಿತಿರುತ್ತಾಳೆ. ಮುಂದೆಯೂ ಬಾಗಿಲಿನ ಬಳಿ ದಿನಕ್ಕೊಂದು ಚೀಟಿ ಅಂಟಿಸಿರುತ್ತಾರೆ: ಯಾರಿಗೋ ಹೇನು ಕಂಡಿದೆ, ಗುರುವಾರ ಕಾಡಿಗೆ ಹೋಗುತ್ತೇವೆ, ಕೆಸರಿನಲ್ಲಿ ಆಡಲು ರಬ್ಬರ್ ಚಡ್ಡಿ ಮತ್ತು ಬೂಟುಗಳನ್ನು ಹೆಸರು ಬರೆದು ತನ್ನಿ, ನವೆಂಬರ್ 11ರ ಸಂತ ಮಾರ್ಟಿನ್ ಮೆರವಣಿಗೆಗೆ ಕಾಗದದ ಲಾಟೀನು ಮಾಡಲು ಮಂಗಳವಾರ ಸಂಜೆ ಬನ್ನಿ. ಮಳೆಯಲ್ಲೂ ಮಕ್ಕಳನ್ನು ಹೊರಗೆ ಆಡಿಸುವ ಈ ದೇಶದಲ್ಲಿ ಆ ಚೀಟಿ ಓದಲಾಗದ ತಾಯಿಯ ಮಗು ಒದ್ದೆ ಬಟ್ಟೆಯಲ್ಲಿ ನಡುಗುತ್ತದೆ, ಇಲ್ಲವೇ ಒಳಗೇ ಉಳಿಯುತ್ತದೆ.

ಮಕ್ಕಳು ಮಾತ್ರ ಆರೆಂಟು ತಿಂಗಳಲ್ಲಿ ಜರ್ಮನ್ ಮಾತನಾಡತೊಡಗುತ್ತಾರೆ. ಅಲ್ಲಿಂದ ಇನ್ನೊಂದು ತೊಂದರೆ ಶುರು. ಮನೆಯಲ್ಲಿ ಭಾಷೆ ಬಲ್ಲವರು ಅವರೇ ಆಗಿಬಿಡುವುದರಿಂದ ದೊಡ್ಡವರ ದುಭಾಷಿಗಳೂ ಅವರೇ ಆಗುತ್ತಾರೆ. ಶಾಲೆಯಲ್ಲಿ ಪೋಷಕರ ಸಭೆಗೆ ಹೋದ ಪರಿಚಯದ ತಾಯಿಯೊಬ್ಬರು, ಓದುವುದು ಸಾಲದು, ದಿನವೂ ಮನೆಯಲ್ಲಿ ಹದಿನೈದು ನಿಮಿಷ ಗಟ್ಟಿಯಾಗಿ ಓದಿಸಬೇಕು ಎಂದು ಶಿಕ್ಷಕಿ ಹೇಳಿದ್ದನ್ನು ಮಗನ ಬಾಯಲ್ಲಿ ಕೇಳಿಸಿಕೊಂಡದ್ದು, ‘ಟೀಚರ್ ಎಲ್ಲಾ ಚೆನ್ನಾಗಿದೆ ಅಂತಾರೆ’ ಎಂದು. ಇದನ್ನು ಹೇಳಿಕೊಂಡು ನಾವೆಲ್ಲ ನಕ್ಕಿದ್ದೇವೆ. ಆದರೆ ಅದೇ ವಯಸ್ಸಿನ ಹುಡುಗಿಯೊಬ್ಬಳು ಡಾಕ್ಟರ ಎದುರು ಕುಳಿತು ತಾಯಿಯ ಗರ್ಭಕೋಶದ ಸ್ಕ್ಯಾನಿಂಗ್ ವರದಿಯನ್ನು ಕನ್ನಡಕ್ಕೆ ತರಲು ತಡವರಿಸುವುದರಲ್ಲಿ ನಗುವಂಥದ್ದು ಏನೂ ಇಲ್ಲ. ಮಕ್ಕಳು ತಿಳಿಯಬೇಕಾದ ವಿಷಯ ಅದಲ್ಲ, ಹೊರಬೇಕಾದ ಹೊರೆಯೂ ಅದಲ್ಲ. ತಾಯಿ ಹೇಳಿದ ಮಾತಿಗೆ ‘ನಿನಗೆ ಇಲ್ಲಿಯದು ಗೊತ್ತಾಗಲ್ಲಮ್ಮ’ ಎಂದು ಎಂಟು ವರ್ಷಕ್ಕೇ ಉತ್ತರ ಕೊಡುವ ಅಭ್ಯಾಸ ಹುಟ್ಟುವುದೂ ಇಲ್ಲಿಯೇ.

ಮಕ್ಕಳ ಡಾಕ್ಟರ ವಿಚಾರದಲ್ಲಿ ವ್ಯವಸ್ಥೆ ಅಚ್ಚುಕಟ್ಟಾಗಿದೆ. ಹುಟ್ಟಿದಂದಿನಿಂದ ಶಾಲೆ ಸೇರುವವರೆಗಿನ ತಪಾಸಣೆಗಳಿಗೆ ಹಳದಿ ರಟ್ಟಿನ ಒಂದು ಪುಸ್ತಕ ಇರುತ್ತದೆ, ಯಾವ ವಯಸ್ಸಿಗೆ ಯಾವ ತಪಾಸಣೆ ಎಂಬುದು ಅದರಲ್ಲೇ ನಿಗದಿಯಾಗಿದೆ. ಕಿಂಡರ್‌ಗಾರ್ಟನ್ ಅಥವಾ ಶಾಲೆ ಸೇರುವ ಮಕ್ಕಳಿಗೆ ದಡಾರದ ಲಸಿಕೆ ಆಗಿರುವ ದಾಖಲೆಯನ್ನು 2020ರಿಂದ ಕಡ್ಡಾಯವಾಗಿ ಕೇಳುತ್ತಾರಾದ್ದರಿಂದ ಊರಿನ ಲಸಿಕೆ ಕಾರ್ಡನ್ನು ಮರೆಯದೆ ತರಬೇಕು. ಗಂಡನ ವಿಮೆಯಲ್ಲೇ ಸಂಪಾದನೆಯಿಲ್ಲದ ಹೆಂಡತಿಗೂ ಮಕ್ಕಳಿಗೂ ಸರ್ಕಾರಿ ಆರೋಗ್ಯ ವಿಮೆ ಹೆಚ್ಚುವರಿ ಕಂತಿಲ್ಲದೆ ಸಿಗುತ್ತದೆ. ಇಷ್ಟೆಲ್ಲ ಇದ್ದರೂ ಅಪಾಯಿಂಟ್‌ಮೆಂಟ್ ಬೇಕೆಂದರೆ ಅನೇಕ ಕಡೆ ಬೆಳಗಿನ ಹೊತ್ತು ಫೋನೇ ಮಾಡಬೇಕು, ಜ್ವರ ಎಷ್ಟು, ಎಂದಿನಿಂದ, ಭೇದಿಯಿದೆಯೇ ಎಂಬುದಕ್ಕೆ ಆ ಗಡಿಬಿಡಿಯಲ್ಲೇ ಉತ್ತರಿಸಬೇಕು. ರಾತ್ರಿ ಅಥವಾ ವಾರಾಂತ್ಯದಲ್ಲಿ ಡಾಕ್ಟರಿಗಾಗಿ 116117 ಎಂಬ ಸಂಖ್ಯೆಯಿದೆ, ಪ್ರಾಣಾಪಾಯವಿದ್ದರೆ 112. ಈ ಎರಡು ಸಂಖ್ಯೆಗಳನ್ನು ಜೊತೆಗಿಟ್ಟುಕೊಳ್ಳುವುದರ ಜೊತೆಗೆ ಅಲ್ಲಿ ಹೇಳಬೇಕಾದ ಹತ್ತು ವಾಕ್ಯಗಳನ್ನೂ ಕಲಿತಿರಬೇಕು.

ಊರಿನ ಬಂಧುಗಳಿಗೆ ಅರ್ಥಮಾಡಿಸಲು ಅತಿ ಕಷ್ಟವಾದದ್ದು ಶಾಲೆಯ ರಜೆ. ಇಲ್ಲಿ ಶಾಲೆಗೆ ಹೋಗುವುದು ಕಾನೂನಿನ ಕಡ್ಡಾಯ. ಮನೆಯಲ್ಲೇ ಓದಿಸುತ್ತೇನೆ ಎನ್ನುವಂತಿಲ್ಲ, ರಜೆಗೆ ನಾಲ್ಕು ದಿನ ಮೊದಲೇ ಅಗ್ಗದ ಟಿಕೆಟ್ ಸಿಕ್ಕಿತೆಂದು ಹೊರಡುವಂತೆಯೂ ಇಲ್ಲ, ದಂಡ ಬೀಳುತ್ತದೆ. ನಮ್ಮ ಬಾಡೆನ್–ವುರ್ಟೆಂಬೆರ್ಗ್ ರಾಜ್ಯದಲ್ಲಿ ಬೇಸಿಗೆ ರಜೆ ಜುಲೈ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ, ಆರು ವಾರ. ನಮ್ಮ ಮನೆಗಳ ಮದುವೆ, ಉಪನಯನ, ಗೃಹಪ್ರವೇಶಗಳೆಲ್ಲ ಇರುವುದು ಏಪ್ರಿಲ್–ಮೇ ತಿಂಗಳಲ್ಲಿ. ‘ಎರಡನೇ ಕ್ಲಾಸಿನ ಹುಡುಗನಿಗೆ ಅದೇನು ಅಂಥಾ ಓದು, ಒಂದು ವಾರ ಬಂದುಹೋಗೋಕಾಗಲ್ವಾ’ ಎಂದು ಅತ್ತೆ, ಚಿಕ್ಕಮ್ಮ, ಸೋದರಮಾವ ಎಲ್ಲರೂ ಕೇಳುತ್ತಾರೆ, ನಾವು ಸೊಕ್ಕಿನಿಂದ ಹೇಳುತ್ತಿದ್ದೇವೆಂದೇ ತಿಳಿಯುತ್ತಾರೆ. ಗಂಡ ಒಬ್ಬರೇ ಮದುವೆಗೆ ಹೋಗಿ, ನಾನೂ ಮಗನೂ ವಿಡಿಯೊದಲ್ಲಿ ಅಕ್ಷತೆ ಹಾಕಿದ್ದೂ ಉಂಟು. ಬೇಸಿಗೆ ರಜೆಯಲ್ಲಿ ಕೆಲವು ವರ್ಷ ಗೌರಿ–ಗಣೇಶ ಹಬ್ಬ ಸಿಗುತ್ತದೆ ಎಂಬುದೊಂದೇ ಸಮಾಧಾನ.

ಜರ್ಮನಿಯ ಬದುಕು ಬರೀ ಸಂಕಟವೆಂದು ಈ ಪತ್ರದಿಂದ ಯಾರೂ ತಿಳಿಯಬಾರದು. ಯಜಮಾನರು ಸಂಜೆ ಐದೂವರೆಗೆ ಮನೆಯಲ್ಲಿರುತ್ತಾರೆ. ಮಗುವಿಗೆ ಜ್ವರ ಬಂದರೆ ನೋಡಿಕೊಳ್ಳಲು ತಂದೆಗೂ ತಾಯಿಯಷ್ಟೇ ರಜೆಯ ಹಕ್ಕಿದೆ. ಒಂದನೇ ತರಗತಿಯ ಮಕ್ಕಳು ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡು ಗುಂಪಾಗಿ ತಾವೇ ನಡೆದು ಶಾಲೆಗೆ ಹೋಗುತ್ತಾರೆ. ನಾಲ್ಕನೇ ತರಗತಿಯಲ್ಲಿ ಪೊಲೀಸರೇ ಬಂದು ಸೈಕಲ್ ಸವಾರಿಯ ಪರೀಕ್ಷೆ ಮಾಡುತ್ತಾರೆ. ಮನೆಯಲ್ಲಿ ಕನ್ನಡವನ್ನೇ ಮಾತನಾಡಿ, ನಿಮ್ಮ ಅರೆಬರೆ ಜರ್ಮನ್ ಮಗುವಿಗೆ ಬೇಡ ಎಂದು ಮೊದಲು ನನಗೆ ಹೇಳಿದವರು ಕಿಂಡರ್‌ಗಾರ್ಟನ್‌ನವರೇ. ಅವರ ಮಾತು ಕೇಳಿದ್ದರಿಂದ ನನ್ನ ಮಗ ಇಂದಿಗೂ ಅಜ್ಜಿಯ ಜೊತೆ ಹಾಸನದ ಕನ್ನಡವನ್ನೇ ಆಡುತ್ತಾನೆ.

ಭಾಷೆ ಕಲಿಯಲು ಇಲ್ಲಿ ವ್ಯವಸ್ಥೆ ಇಲ್ಲದಿಲ್ಲ. ಹೊಸಬರಿಗಾಗಿ ಸರ್ಕಾರವೇ ನಡೆಸುವ ಕೋರ್ಸಿನಲ್ಲಿ ಸಾಮಾನ್ಯವಾಗಿ 600 ಪಾಠದ ಅವಧಿ ಭಾಷೆಗೆ, 100 ಅವಧಿ ಇಲ್ಲಿನ ಕಾನೂನು, ಇತಿಹಾಸ, ಸಮಾಜಕ್ಕೆ. ಆದರೆ ಮಗುವಿಗೆ ಕಿಂಡರ್‌ಗಾರ್ಟನ್ ಸಿಗದೆ ತಾಯಿ ತರಗತಿಗೆ ಹೋಗುವಂತಿಲ್ಲ, ಭಾಷೆ ಬಾರದೆ ಕಿಂಡರ್‌ಗಾರ್ಟನ್‌ಗೆ ಪತ್ರ ಬರೆದು ಬೆನ್ನುಹತ್ತುವಂತಿಲ್ಲ. ಹೀಗೆ ಎರಡು ಮೂರು ವರ್ಷ ಸುಲಭವಾಗಿ ಕಳೆದುಹೋಗುತ್ತದೆ. ಊರಿನಲ್ಲಿ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವಳು. ಇಲ್ಲಿ ಶಿಕ್ಷಕಿಯಾಗಬೇಕಾದರೆ ಪದವಿಗೆ ಮಾನ್ಯತೆ ಪಡೆಯುವುದರ ಜೊತೆಗೆ ಇಲ್ಲಿಯವರಂತೆ ಜರ್ಮನ್ ಬರಬೇಕು. ಸದ್ಯ ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಕೆಲಸ ಮಾಡುವ ಹಕ್ಕು ವೀಸಾದ ಜೊತೆಗೇ ಬಂದರೂ, ಕೆಲಸ ಬರುವುದು ಭಾಷೆಯ ಜೊತೆಗೆ. ಉದ್ಯೋಗಿಗಳಿಗೂ ಇದು ಅನ್ವಯಿಸುತ್ತದೆ: ಬ್ಲೂ ಕಾರ್ಡ್ ಇರುವವರು ಎ1 ಮಟ್ಟದ ಭಾಷೆಯೊಂದಿಗೆ 27 ತಿಂಗಳಿಗೆ ಕಾಯಂ ವಾಸದ ಪರವಾನಗಿ ಕೇಳಬಹುದಾದರೆ, ಅದಕ್ಕಿಂತ ಎರಡು ಹಂತ ಮೇಲಿನ ಬಿ1 ಇದ್ದರೆ 21 ತಿಂಗಳಿಗೇ ಕೇಳಬಹುದು.

ಪ್ರಾಸಂಗಿಕವಾಗಿ ಒಂದು ವಿಷಯ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದ ಹರ್ಮನ್ ಮೋಗ್ಲಿಂಗ್ ಇದೇ ಸೀಮೆಯವರು, 1881ರಲ್ಲಿ ತೀರಿಕೊಂಡದ್ದು ಇದೇ ಎಸ್ಲಿಂಗೆನ್‌ನಲ್ಲಿ. ಕನ್ನಡ ನಿಘಂಟಿನ ಕಿಟ್ಟೆಲ್ ಕೊನೆಯುಸಿರೆಳೆದ ಟ್ಯೂಬಿಂಗೆನ್ ಕೂಡ ಇಲ್ಲಿಗೆ ದೂರವಲ್ಲ. ಅವರನ್ನು ನೋಡಿ ಕಲಿಯಿರಿ ಎಂದು ನಮಗೆ ಉಪದೇಶ ಮಾಡುವವರಿದ್ದಾರೆ. ಭಾಷೆ ಕಲಿಯುವುದೇ ಕೆಲಸದ ಭಾಗವಾಗಿದ್ದ, ಬೆನ್ನಿಗೊಂದು ಮಿಷನ್ ಇದ್ದ ಆ ಪಾದ್ರಿಗಳಿಗೂ, ಒಂದು ಕೈಯಲ್ಲಿ ಮಗು ಇನ್ನೊಂದು ಕೈಯಲ್ಲಿ ಸೌಟು ಹಿಡಿದ ತಾಯಿಗೂ ಹೋಲಿಕೆ ಸರಿಯಲ್ಲ. ತಾಯಿಗೆ ಬಿಡುವು ಇರುವುದು ಹೊರಡುವ ಮೊದಲು, ಹೆತ್ತವರು, ಅತ್ತೆ ಮಾವ ಹತ್ತಿರವಿದ್ದು ಮಗುವನ್ನು ನೋಡಿಕೊಳ್ಳುವಾಗ.

ಆದ್ದರಿಂದ ನನ್ನ ಕೋರಿಕೆಗಳು ಇಷ್ಟೇ. ವೀಸಾ ಬರುವವರೆಗಿನ ಆ ನಾಲ್ಕಾರು ತಿಂಗಳನ್ನು ಶಾಪಿಂಗ್‌ನಲ್ಲಿ, ಬೀಳ್ಕೊಡುಗೆಯ ಊಟಗಳಲ್ಲಿ ಪೂರ್ತಿ ಕಳೆಯದೆ, ವಿನಾಯಿತಿ ಇದ್ದರೂ ಸಂಗಾತಿ ಎ1 ಪರೀಕ್ಷೆಯನ್ನು ಬರೆದೇ ಹೊರಡಲಿ. ಬೆಂಗಳೂರಿನ ಇಂದಿರಾನಗರದಲ್ಲಿ ಜರ್ಮನ್ ಭಾಷೆ ಕಲಿಸುವ ಗೋಥೆ ಸಂಸ್ಥೆಯ ಮ್ಯಾಕ್ಸ್‌ಮುಲ್ಲರ್ ಭವನವಿದೆ. ಆನ್‌ಲೈನ್ ತರಗತಿಗಳೂ ಇರುವುದರಿಂದ ಹಾಸನ, ದಾವಣಗೆರೆಯಲ್ಲಿರುವವರೂ ಕಲಿಯಬಹುದು. ಇಲ್ಲಿಗೆ ಜನರನ್ನು ಕಳಿಸುವ ಕಂಪನಿಗಳು ಉದ್ಯೋಗಿಗೆ ಕೊಡಿಸುವ ಭಾಷಾ ತರಬೇತಿಯಲ್ಲಿ ಸಂಗಾತಿಗೂ ಒಂದು ಸೀಟು ಇಡಲಿ. ಸಾಮಾನು ಸಾಗಿಸಲು ಕೊಡುವ ಹಣಕ್ಕೆ ಹೋಲಿಸಿದರೆ ಅದೇನೂ ದೊಡ್ಡ ಖರ್ಚಲ್ಲ. ವಿದೇಶದ ಕೆಲಸಕ್ಕೆಂದು ನರ್ಸ್‌ಗಳಿಗೆ, ತಂತ್ರಜ್ಞರಿಗೆ ತರಬೇತಿ ಕೊಡುವ ರಾಜ್ಯ ಸರ್ಕಾರದ ಇಲಾಖೆಗಳೂ ಅವರ ಮನೆಯವರನ್ನು ಆ ಲೆಕ್ಕದಲ್ಲಿ ಸೇರಿಸಲಿ. ನರ್ಸ್ ಆಗಿ ಬರುವ ಹೆಂಡತಿಯ ಹಿಂದೆ ಬರುವ ಗಂಡಂದಿರ ಪಾಡು ಇನ್ನೂ ಕಷ್ಟದ್ದು; ಊರಿನಲ್ಲಿ ಹತ್ತು ಜನರ ನಡುವೆ ಓಡಾಡಿಕೊಂಡಿದ್ದ ಗಂಡಸು ಇಲ್ಲಿ ಕಿಂಡರ್‌ಗಾರ್ಟನ್‌ನ ಬಾಗಿಲಲ್ಲಿ ಮಾತಿಲ್ಲದೆ ನಿಲ್ಲಬೇಕಾದಾಗ ಅದನ್ನು ಯಾರ ಬಳಿಯೂ ಹೇಳಿಕೊಳ್ಳುವುದಿಲ್ಲ.

ತಮ್ಮ ಪತ್ರಿಕೆ ಮುಂದಿನ ಬಾರಿ ಜರ್ಮನಿಯ ಉದ್ಯೋಗಗಳ ಬಗ್ಗೆ ಪುಟ ಮಾಡುವಾಗ, ಸಂಬಳದ ಪಟ್ಟಿಯ ಪಕ್ಕದಲ್ಲಿ ಕುಟುಂಬದೊಂದಿಗೆ ಬಂದ ಒಂದಿಬ್ಬರು ಸಂಗಾತಿಗಳನ್ನೂ ಮಾತನಾಡಿಸಿ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ. ಸೆಪ್ಟೆಂಬರ್‌ನಲ್ಲಿ ಇಲ್ಲಿ ಹೊಸ ಶಾಲಾ ವರ್ಷ ಶುರುವಾಗುವುದರಿಂದ ಮಕ್ಕಳಿರುವ ಕುಟುಂಬಗಳಲ್ಲಿ ಅನೇಕರು ಜುಲೈ–ಆಗಸ್ಟ್‌ನಲ್ಲಿ ಬಂದಿಳಿಯುತ್ತಾರೆ. ಅಂಥವರಿಗೆ ಉಪಯೋಗವಾಗಬೇಕಾದರೆ ಆ ಪುಟ ಸಂಕ್ರಾಂತಿಯ ಹೊತ್ತಿಗೇ ಬರಬೇಕು; ಎ1 ಮುಗಿಸಲು ಅಷ್ಟು ಕಾಲ ಬೇಕು.

ಇಂತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಓದುಗರಲ್ಲಿ ಒಬ್ಬಳು
ಎಸ್ಲಿಂಗೆನ್, ಜರ್ಮನಿ
(ದಯವಿಟ್ಟು ಹೆಸರು ಪ್ರಕಟಿಸಬೇಡಿ)